ಜೀವಕೋಶದ ಬಾಗಿಲಲ್ಲಿ ಮೆಗ್ನೀಸಿಯಂ

ಹಿಂದಿನವರ ಮನೆಗಳಲ್ಲಿ ಔಷಧದ ಗೂಡೊಂದು ಇರುತ್ತಿತ್ತು. ಅದರಲ್ಲಿ ಹರಳೆಣ್ಣೆಯ ಸೀಸೆಯ ಪಕ್ಕದಲ್ಲಿ ಇನ್ನೊಂದು ಸೀಸೆಗೆ ಕಾಯಂ ಸ್ಥಾನ. ಒಳಗೆ ಸಣ್ಣ ಸಕ್ಕರೆಯಂತೆ ಬೆಳ್ಳಗೆ ಹೊಳೆಯುವ ಹರಳು. ನೋಡಿದರೆ ತಿನ್ನಬೇಕೆನಿಸುವ ಹಾಗೆ, ನಾಲಗೆಗೆ ಮುಟ್ಟಿಸಿದರೆ ಮುಖ ಕಿವುಚುವ ಹಾಗೆ. ಎಪ್ಸಂ ಸಾಲ್ಟ್ ಎಂದು ಅದರ ಹೆಸರು. ಮಕ್ಕಳ ಬಾಯಲ್ಲಿ ಅದು ಭೇದಿ ಉಪ್ಪು. ಹೊಟ್ಟೆ ಕಟ್ಟಿದಾಗ ಬಿಸಿನೀರಿನಲ್ಲಿ ಕದಡಿ, ಮೂಗು ಹಿಡಿದು ಕುಡಿಸುತ್ತಿದ್ದರು.

ಈ ಉಪ್ಪಿಗೆ ಹೆಸರು ಬಂದದ್ದು ಇಂಗ್ಲೆಂಡಿನ ಎಪ್ಸಂ ಎಂಬ ಊರಿನಿಂದ. 1618ರ ಬೇಸಗೆಯಲ್ಲಿ ಅಲ್ಲಿಯ ರೈತನೊಬ್ಬ ತನ್ನ ದನಗಳನ್ನು ಒಂದು ಹೊಂಡಕ್ಕೆ ಅಟ್ಟಿಕೊಂಡು ಹೋದನಂತೆ. ಬಾಯಾರಿದ ದನಗಳು ನೀರಿಗೆ ಮೂತಿಯಿಟ್ಟು ಹಿಂದಕ್ಕೆ ಸರಿದುವಂತೆ. ನೀರು ಅಷ್ಟು ಕಹಿ. ಆದರೆ ಆ ನೀರು ಹುಣ್ಣನ್ನು ಮಾಯಿಸುತ್ತದೆ, ಹೊಟ್ಟೆಯನ್ನು ಶುದ್ಧಿಮಾಡುತ್ತದೆ ಎಂಬ ಸುದ್ದಿ ಹಬ್ಬಿ, ಎಪ್ಸಂ ಒಂದು ಆರೋಗ್ಯಕ್ಷೇತ್ರವೇ ಆಯಿತು. ದನಗಳ ಕಥೆ ಎಷ್ಟು ನಿಜವೋ ಹೇಳುವಂತಿಲ್ಲ; ನೀರಿನ ಕಹಿ ಮಾತ್ರ ನಿಜ. ಆ ಕಹಿಯ ಮೂಲದಲ್ಲಿದ್ದ ವಸ್ತು ಸುಣ್ಣಕ್ಕಿಂತ ಬೇರೆಯಾದದ್ದು ಎಂದು 1755ರಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲಾಕ್ ತೋರಿಸಿಕೊಟ್ಟ. 1808ರಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಅದರೊಳಗಿನ ಧಾತುವನ್ನು ಬೇರ್ಪಡಿಸಿದ. ಅದೇ ಮೆಗ್ನೀಸಿಯಂ. ಗ್ರೀಸ್ ದೇಶದ ಮೆಗ್ನೀಸಿಯ ಎಂಬ ಸೀಮೆ ಈ ಹೆಸರಿಗೆ ಮೂಲ.

ಭೇದಿ ಉಪ್ಪಿನಿಂದ ನಾನು ಮಾತು ಮೊದಲಿಟ್ಟದ್ದಕ್ಕೆ ಕಾರಣವಿದೆ. ಅದನ್ನು ಕುಡಿದಾಗ ಹೊಟ್ಟೆ ಏಕೆ ಹರಿಯುತ್ತದೆ? ಆ ಲವಣದ ಬಹುಭಾಗ ಕರುಳಿನ ಗೋಡೆಯನ್ನು ದಾಟಿ ರಕ್ತಕ್ಕೆ ಹೋಗಲಾರದು. ಹೊರಗೇ ಉಳಿದು ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಎಂದರೆ, ಮೆಗ್ನೀಸಿಯಂ ಬಾಯಿಗೆ ಬಿದ್ದ ಮಾತ್ರಕ್ಕೆ ಮೈಗೆ ಸೇರಿತೆಂದಲ್ಲ. ಅದು ಬಾಗಿಲುಗಳನ್ನು ದಾಟಬೇಕು. ಆ ಬಾಗಿಲುಗಳು ಎಲ್ಲಿವೆ, ಅವನ್ನು ಕಾಯುವವರು ಯಾರು, ಕಾವಲು ತಪ್ಪಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳು ಈ ಶತಮಾನದಲ್ಲಿ ಜೀರ್ಣಾಂಗಗಳ ಕ್ಯಾನ್ಸರಿನ ವಿಚಾರಕ್ಕೂ ಬಂದು ಸೇರಿಕೊಂಡಿವೆ. ಅದನ್ನೇ ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ. ಪ್ರಾಯಕ್ಕೆ ಬಂದ ಒಬ್ಬ ಮನುಷ್ಯನ ಮೈಯಲ್ಲಿರುವ ಮೆಗ್ನೀಸಿಯಂ ಎಲ್ಲವನ್ನೂ ಕೂಡಿಸಿದರೆ ಸುಮಾರು 25 ಗ್ರಾಂ ಆದೀತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೂಳೆಗಳಲ್ಲಿ ಠೇವಣಿಯಾಗಿದೆ. ಉಳಿದದ್ದರಲ್ಲಿ ಬಹುಪಾಲು ಸ್ನಾಯುಗಳಲ್ಲಿ ಮತ್ತು ಇತರ ಅಂಗಗಳ ಜೀವಕೋಶಗಳ ಒಳಗೆ. ರಕ್ತದಲ್ಲಿ ಹರಿದಾಡುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಮನೆಯ ಸಂಪತ್ತೆಲ್ಲ ಪೆಟ್ಟಿಗೆಯಲ್ಲಿ, ಜೇಬಿನಲ್ಲಿರುವುದು ಪುಡಿಗಾಸು ಎಂಬಂತೆ. ವೈದ್ಯರು ರಕ್ತ ತೆಗೆದು ಪರೀಕ್ಷೆಮಾಡುವುದು ಈ ಪುಡಿಗಾಸನ್ನು. ಆದುದರಿಂದ ಜೇಬಿನಲ್ಲಿ ಕಾಸಿದ್ದರೂ ಪೆಟ್ಟಿಗೆ ಬರಿದಾಗುತ್ತಿರಬಹುದು. ಜೇಬೇ ಬರಿದಾಯಿತೆಂದರೆ ಮಾತ್ರ ಉದಾಸೀನ ಮಾಡುವಂತಿಲ್ಲ.

ಇಷ್ಟು ಕಾಪಾಡಿಕೊಳ್ಳುವಂಥ ಕೆಲಸವೇನು ಅದರದು? ನಾವು ಉಂಡ ಅನ್ನದ ಶಕ್ತಿ ಜೀವಕೋಶದಲ್ಲಿ ಎ.ಟಿ.ಪಿ. ಎಂಬ ವಸ್ತುವಿನ ರೂಪದಲ್ಲಿ ಚಲಾವಣೆಯಾಗುತ್ತದೆ. ಈ ಎ.ಟಿ.ಪಿ. ಬಹುಮಟ್ಟಿಗೆ ಮೆಗ್ನೀಸಿಯಮಿನ ಜೊತೆಗೂಡಿಯೇ ಕೆಲಸಮಾಡುವುದು. ಒಂದು ಜೀವಕೋಶ ಎರಡಾಗುವ ಮುನ್ನ ತನ್ನ ಡಿ.ಎನ್.ಎ. ಎಂಬ ವಂಶಗ್ರಂಥವನ್ನು ನಕಲುಮಾಡಿಕೊಳ್ಳಬೇಕಷ್ಟೆ. ಆ ನಕಲುಗಾರ ಕಿಣ್ವಕ್ಕೂ ಮೆಗ್ನೀಸಿಯಂ ಬೇಕು. ನಕಲಿನ ತಪ್ಪುಗಳನ್ನು ತಿದ್ದುವ ಕಿಣ್ವಗಳಿಗೂ ಬೇಕು. ನಮ್ಮ ಮೈಯ ಮುನ್ನೂರಕ್ಕೂ ಹೆಚ್ಚಿನ ಕಿಣ್ವಗಳು ಅದನ್ನು ಅವಲಂಬಿಸಿವೆ. ಗಿಡಗಳಲ್ಲಿಯೂ ಎಲೆಯ ಹಸುರಿನ ಪ್ರತಿಯೊಂದು ಅಣುವಿನ ನಟ್ಟನಡುವೆ ಕುಳಿತಿರುವುದು ಒಂದು ಮೆಗ್ನೀಸಿಯಂ ಪರಮಾಣು.

ಇಲ್ಲಿಯೇ ಒಂದು ಇಕ್ಕಟ್ಟು ಇರುವುದನ್ನು ತಾವು ಗಮನಿಸಿರಬಹುದು. ಬೆಳೆಯುವುದಕ್ಕೂ ಮೆಗ್ನೀಸಿಯಂ ಬೇಕು, ಬೆಳವಣಿಗೆ ತಪ್ಪುದಾರಿಗೆ ಬೀಳದಂತೆ ತಿದ್ದುವುದಕ್ಕೂ ಬೇಕು. ಕ್ಯಾನ್ಸರ್ ಎಂದರೆ ಹದ್ದು ಮೀರಿದ ಬೆಳವಣಿಗೆಯೇ ಅಲ್ಲವೆ? ಹಾಗಾದರೆ ಈ ಧಾತು ಅದಕ್ಕೆ ಮಿತ್ರನೋ ಶತ್ರುವೋ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಅದು ಎಲ್ಲಿದೆ, ಯಾವ ಬಾಗಿಲಿನಿಂದ ಬಂತು, ಯಾವ ಬಾಗಿಲಿನಿಂದ ಹೊರಟಿತು ಎಂಬುದರ ಮೇಲೆ ಉತ್ತರ ನಿಂತಿದೆ.

ನಾವು ದಿನವೊಂದಕ್ಕೆ 300 ಮಿಲಿಗ್ರಾಂ ಮೆಗ್ನೀಸಿಯಂ ಉಣ್ಣುತ್ತೇವೆಂದು ಇಟ್ಟುಕೊಳ್ಳಿ. ಅದರಲ್ಲಿ ಸುಮಾರು 100 ಮಿಲಿಗ್ರಾಂ ರಕ್ತಕ್ಕೆ ಸೇರುತ್ತದೆ. ಸಣ್ಣ ಕರುಳಿನಲ್ಲಿ ಅದು ಜೀವಕೋಶಗಳ ನಡುವಣ ಸಂದುಗಳಲ್ಲಿ ನುಸುಳಿಕೊಂಡು ಹೋಗುತ್ತದೆ. ಸಂತೆಯ ಜನ ಅಂಗಡಿಗಳ ನಡುವಣ ಓಣಿಯಲ್ಲಿ ಸಾಗಿದಂತೆ. ದೊಡ್ಡ ಕರುಳಿನಲ್ಲಿ ಬೇರೆ ಏರ್ಪಾಡು. ಅಲ್ಲಿ ಜೀವಕೋಶದ ಮುಂಬಾಗಿಲಿನಿಂದ ಒಳಹೊಕ್ಕು ಹಿಂಬಾಗಿಲಿನಿಂದ ರಕ್ತದ ಕಡೆಗೆ ಹೊರಡಬೇಕು. ಮುಂಬಾಗಿಲಾಗಿರುವ ಪ್ರೋಟೀನುಗಳಿಗೆ ಟಿ.ಆರ್.ಪಿ.ಎಂ. 6 ಮತ್ತು ಟಿ.ಆರ್.ಪಿ.ಎಂ. 7 ಎಂದು ಹೆಸರು. ಹೆಸರು ರೈಲುಗಾಡಿಯ ನಂಬರಿನಂತಿದ್ದರೂ ಕೆಲಸ ದ್ವಾರಪಾಲಕರದು. ಮೂತ್ರಪಿಂಡಗಳಲ್ಲಿಯೂ ಟಿ.ಆರ್.ಪಿ.ಎಂ. 6 ಕಾವಲಿದೆ. ಮೂತ್ರಪಿಂಡಗಳು ದಿನವೂ 2000 ಮಿಲಿಗ್ರಾಮಿಗೂ ಮೇಲ್ಪಟ್ಟು ಮೆಗ್ನೀಸಿಯಮನ್ನು ಸೋಸಿ, ಅದರಲ್ಲಿ ನೂರಕ್ಕೆ 95ರಷ್ಟನ್ನು ಮತ್ತೆ ರಕ್ತಕ್ಕೆ ಮರಳಿಸುತ್ತವೆ. ಹೊರಗೆ ಬಿಡುವುದು ಕರುಳು ಒಳತಂದಷ್ಟನ್ನೇ. ಜಮಾಖರ್ಚು ಸರಿಹೋಗುತ್ತದೆ.

ಈ ಬಾಗಿಲಿನ ಮಹತ್ವವನ್ನು ಲೋಕಕ್ಕೆ ತಿಳಿಸಿಕೊಟ್ಟವರು ಹಸುಗೂಸುಗಳು. ಹುಟ್ಟಿದ ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಕೆಲವು ಶಿಶುಗಳಿಗೆ ಸೆಳವು ಬರುತ್ತಿತ್ತು. ರಕ್ತದಲ್ಲಿ ಮೆಗ್ನೀಸಿಯಂ ತೀರ ಕಡಮೆ. ಅದರ ಹಿಂದೆಯೇ ಕ್ಯಾಲ್ಸಿಯಮೂ ಕಡಮೆ. ಹೆಚ್ಚು ಪ್ರಮಾಣದಲ್ಲಿ ಮೆಗ್ನೀಸಿಯಂ ಕೊಟ್ಟರೆ ಸೆಳವು ನಿಲ್ಲುತ್ತಿತ್ತು, ಮಗು ಉಳಿಯುತ್ತಿತ್ತು. ಇಂಥ ಕುಟುಂಬಗಳನ್ನು ಪರೀಕ್ಷಿಸಿದ ಎರಡು ತಂಡಗಳು 2002ರಲ್ಲಿ, ಟಿ.ಆರ್.ಪಿ.ಎಂ. 6ರ ಜೀನಿನಲ್ಲಿ ದೋಷವಿರುವುದನ್ನು ಪ್ರಕಟಿಸಿದುವು. ಒಂದು ಬಾಗಿಲು ಹುಟ್ಟಿನಿಂದಲೇ ಕೆಟ್ಟಿತ್ತು. ಅಷ್ಟಕ್ಕೇ ಮಗುವಿನ ಪ್ರಾಣ ತೂಗಾಡುತ್ತಿತ್ತು.

ಇನ್ನು ಕ್ಯಾನ್ಸರಿನ ಕಡೆಗೆ ಬರೋಣ. ದೊಡ್ಡ ಕರುಳಿನ ಕ್ಯಾನ್ಸರು ಬಹುಮಟ್ಟಿಗೆ ಒಂದೇ ದಿನ ಎರಗುವ ರೋಗವಲ್ಲ. ಮೊದಲು ಕರುಳಿನ ಒಳಗೋಡೆಯಲ್ಲಿ ಅಣಬೆಯಂಥ ಸಣ್ಣ ಗಂಟು ಏಳುತ್ತದೆ. ಅದಕ್ಕೆ ಪಾಲಿಪ್ ಎನ್ನುತ್ತಾರೆ. ಹೆಚ್ಚಿನ ಗಂಟುಗಳು ಗಂಟುಗಳಾಗಿಯೇ ಉಳಿಯುತ್ತವೆ. ಕೆಲವು ಮಾತ್ರ ವರ್ಷಗಳ ಮೇಲೆ ಬುದ್ಧಿ ಕೆಡಿಸಿಕೊಂಡು ಗೋಡೆಯೊಳಕ್ಕೆ ಬೇರುಬಿಟ್ಟು, ಆಮೇಲೆ ಯಕೃತ್ತು ಮೊದಲಾದ ಕಡೆಗೆ ಮರಿಗಳನ್ನು ಕಳಿಸುತ್ತವೆ. ಪ್ರಾಣಕ್ಕೆ ಅಪಾಯವಾಗುವುದು ಹೆಚ್ಚಾಗಿ ಈ ಮರಿಗಳಿಂದಲೇ. ಸುಮ್ಮನಿದ್ದ ಗಂಟು ಹೀಗೇಕೆ ಕೆರಳುತ್ತದೆ?

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕರುಳಿನಿಂದ ಯಕೃತ್ತಿಗೆ ಹರಡಿದ ಕ್ಯಾನ್ಸರಿನ ತುಣುಕುಗಳನ್ನು ತೆಗೆದುಕೊಂಡು, ಅವುಗಳಲ್ಲಿ ಯಾವ ಜೀನು ವಿಶೇಷವಾಗಿ ಎಚ್ಚೆತ್ತಿದೆ ಎಂದು ಹುಡುಕಿದರು. 2001ರಲ್ಲಿ ಅವರು ಪ್ರಕಟಿಸಿದ ಫಲ ಇದು: ಪರೀಕ್ಷಿಸಿದ 18 ಹರಡುಗಂಟುಗಳಲ್ಲಿ ಹದಿನೆಂಟರಲ್ಲಿಯೂ ಪಿ.ಆರ್.ಎಲ್. 3 ಎಂಬ ಜೀನು ಬಲವಾಗಿ ಕೆಲಸಮಾಡುತ್ತಿತ್ತು. ಹರಡದ ಗಂಟುಗಳಲ್ಲಿ ಅಷ್ಟಿಲ್ಲ, ಆರೋಗ್ಯವಾದ ಕರುಳಿನಲ್ಲಿಯೂ ಇಲ್ಲ. ಕಳ್ಳನ ಹೆಸರೇನೋ ಸಿಕ್ಕಿತು. ಆದರೆ ಅವನು ಕನ್ನ ಕೊರೆಯುವ ಬಗೆ ಯಾವುದು ಎಂಬುದು ಗೊತ್ತಾಗಲಿಲ್ಲ. ಹೀಗೆ ಹತ್ತು ವರ್ಷಗಳ ಮೇಲಾಯಿತು.

ಆ ಬಗೆ ಬೆಳಕಿಗೆ ಬಂದದ್ದು ಜಪಾನಿನ ಒಸಾಕ ವಿಶ್ವವಿದ್ಯಾಲಯದಲ್ಲಿ. ಹಿರೊಆಕಿ ಮಿಕಿ ಅವರ ಪ್ರಯೋಗಶಾಲೆಯಲ್ಲಿ. ಕರುಳಿನ ಜೀವಕೋಶಕ್ಕೆ ಹಿಂಬಾಗಿಲೊಂದು ಇದೆಯೆಂದು ಹೇಳಿದೆನಷ್ಟೆ. ಸಿ.ಎನ್.ಎನ್.ಎಂ. 4 ಎಂಬ ಪ್ರೋಟೀನು ಆ ಹಿಂಬಾಗಿಲಿನಲ್ಲಿ ನಿಂತು ಮೆಗ್ನೀಸಿಯಮನ್ನು ಒಳಗಿನಿಂದ ಹೊರಕ್ಕೆ ಸಾಗಿಸುತ್ತದೆ. ಪಿ.ಆರ್.ಎಲ್. 3 ಹೋಗಿ ಇದಕ್ಕೇ ಅಂಟಿಕೊಂಡು ಬಾಗಿಲಿನ ಅಗಳಿಯನ್ನು ಹಾಕಿಬಿಡುತ್ತದೆ. ಹೊರಹೋಗಬೇಕಾದ ಮೆಗ್ನೀಸಿಯಂ ಒಳಗೇ ತುಂಬಿಕೊಳ್ಳುತ್ತದೆ. 2014ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹುಟ್ಟಿನಿಂದಲೇ ಕರುಳಿನಲ್ಲಿ ನಿರಪಾಯದ ಗಂಟುಗಳೇಳುವ ಜಾತಿಯ ಇಲಿಗಳಿವೆ. ಅಂಥವುಗಳಲ್ಲಿ ಈ ಹಿಂಬಾಗಿಲಿನ ಪ್ರೋಟೀನೇ ಇಲ್ಲದ ಹಾಗೆ ಮಾಡಿ ನೋಡಿದರು. ಆ ಗಂಟುಗಳು ನಿರಪಾಯವಾಗಿ ಉಳಿಯಲಿಲ್ಲ. ಗೋಡೆಯನ್ನು ಕೊರೆಯುವ ಕ್ಯಾನ್ಸರಾದುವು. ಮನುಷ್ಯರ ಕರುಳಿನ ಕ್ಯಾನ್ಸರಿನ ತುಣುಕುಗಳನ್ನು ನೋಡಿದಾಗಲೂ, ರೋಗ ಉಗ್ರವಾದಷ್ಟೂ ಈ ಹಿಂಬಾಗಿಲಿನ ಪ್ರೋಟೀನು ವಿರಳವಾಗಿತ್ತು.

ಇದರ ಇನ್ನೊಂದು ಮುಖವನ್ನೂ ನೋಡಿ. ಈ ಹಿಂಬಾಗಿಲಿಲ್ಲದ ಇಲಿಗಳ ರಕ್ತದಲ್ಲಿ ಮೆಗ್ನೀಸಿಯಂ ಕಡಮೆಯಿತ್ತು. ಕಡಮೆಯಾಗದೆ ಏನು? ಕರುಳಿನ ಜೀವಕೋಶದಿಂದ ರಕ್ತಕ್ಕೆ ದಾರಿಯೇ ಮುಚ್ಚಿದೆಯಲ್ಲ. ಹೀಗೆ, ರಕ್ತದಲ್ಲಿ ಬರಗಾಲ, ಜೀವಕೋಶದೊಳಗೆ ಹೊಟ್ಟೆಬಾಕತನ, ಇವೆರಡೂ ಒಂದೇ ಕೆಟ್ಟ ಬಾಗಿಲಿನ ಫಲವಾಗಿರಬಹುದು. ಧಾನ್ಯ ಊರಿಗೆ ಬಂದಿದೆ. ಆದರೆ ಒಬ್ಬನ ಉಗ್ರಾಣದಲ್ಲಿ ಬೀಗ ಬಿದ್ದಿದೆ. ಊರಿಗೆ ಇನ್ನಷ್ಟು ಧಾನ್ಯ ತರಿಸಿದರೆ ಹಸಿವು ಇಂಗೀತೆ? ಬೀಗದ ವಿಚಾರವನ್ನೇ ಮಾಡಬೇಕು.

ಮುಂಬಾಗಿಲಿನ ಕಡೆಯೂ ಇಂಥದೇ ಸುದ್ದಿ ಬಂದಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಜೀವಕೋಶಗಳಲ್ಲಿ ಟಿ.ಆರ್.ಪಿ.ಎಂ. 7 ಎಂಬ ಬಾಗಿಲು ಮಿತಿಮೀರಿ ಹೆಚ್ಚಿರುವುದು ಕಂಡುಬಂದಿದೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ಇಂಥ ಜೀವಕೋಶಗಳಲ್ಲಿ ಆ ಬಾಗಿಲನ್ನು ಕಡಮೆಮಾಡಿದರೆ ಅವುಗಳ ಬೆಳವಣಿಗೆ ಕುಗ್ಗುತ್ತದೆ. ಆದುದರಿಂದ ಈ ಬಾಗಿಲುಗಳನ್ನು ಹಿಡಿದು ಹೊಸ ಔಷಧವನ್ನು ಮಾಡಬಹುದೆ ಎಂದು ಯೋಚಿಸುವವರಿದ್ದಾರೆ. ಯೋಚನೆ ಒಳ್ಳೆಯದೇ. ಆದರೆ ಅದೇ ಬಾಗಿಲು ಹೃದಯದಲ್ಲಿಯೂ ಮಿದುಳಿನಲ್ಲಿಯೂ ಇದೆ. ಕಳ್ಳನ ಮನೆಗೆ ಹಾಕಿದ ಬೀಗ ಇಡೀ ಬೀದಿಗೆ ಬೀಳದಂತೆ ನೋಡಿಕೊಳ್ಳಬೇಕು. ತಟ್ಟೆಯಲ್ಲಿ ಗೆದ್ದದ್ದು ಹಾಸಿಗೆಯ ಬಳಿ ಗೆಲ್ಲುವತನಕ ಅದನ್ನು ಚಿಕಿತ್ಸೆಯೆಂದು ಕರೆಯಲಾಗದು.

ಈಗ ನಾನು ಹೇಳಲಿರುವುದು ಪ್ರಯೋಗಶಾಲೆಯಿಂದ ರೋಗಿಯ ಹಾಸಿಗೆಯವರೆಗೆ ನಿಜವಾಗಿಯೂ ಬಂದು ಮುಟ್ಟಿದ ಸಂಗತಿ. ಸ್ಟಾನ್ಲಿ ಕೋಹೆನ್ ಎಂಬ ಅಮೆರಿಕದ ವಿಜ್ಞಾನಿ ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಚುಚ್ಚಿ ನೋಡುತ್ತಿದ್ದರು. ಎರಡು ವಾರಕ್ಕೆ ತೆರೆಯಬೇಕಾದ ಕಣ್ಣುಗಳನ್ನು ಆ ಮರಿಗಳು ಒಂದೇ ವಾರಕ್ಕೆ ತೆರೆದುವು! ಹಲ್ಲುಗಳೂ ಬೇಗ ಮೂಡಿದುವು. ಚರ್ಮದ ಜೀವಕೋಶಗಳನ್ನು ಬೆಳೆಯಿರೆಂದು ಹುರಿದುಂಬಿಸುವ ಒಂದು ವಸ್ತು ಆ ಸಾರದಲ್ಲಿತ್ತು. 1962ರಲ್ಲಿ ಅವರು ಅದನ್ನು ವರದಿಮಾಡಿದರು. ಅದಕ್ಕೆ ಇ.ಜಿ.ಎಫ್. ಎಂದು ಹೆಸರಾಯಿತು; 1986ರಲ್ಲಿ ನೊಬೆಲ್ ಬಹುಮಾನವೂ ಬಂತು. ಕರುಳಿನ ಕ್ಯಾನ್ಸರಿನ ಜೀವಕೋಶಗಳೂ ಈ ಬೆಳವಣಿಗೆಯ ಕರೆಗೆ ಕಿವಿಗೊಡುತ್ತವೆ. ಆ ಕಿವಿಯನ್ನೇ ಮುಚ್ಚಿಬಿಟ್ಟರೆ? ಹಾಗೆ ಮುಚ್ಚುವ ಸೆಟುಕ್ಸಿಮಾಬ್ ಎಂಬ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು.

ಔಷಧ ಬಳಕೆಗೆ ಬಂದ ಮೇಲೆ ಒಂದು ವಿಚಿತ್ರ ಕಾಣಿಸಿತು. ರೋಗಿಗಳ ರಕ್ತದಲ್ಲಿ ಮೆಗ್ನೀಸಿಯಂ ಇಳಿಯುತ್ತಿತ್ತು. ಬೆಲ್ಜಿಯಂ ದೇಶದ ಲ್ಯೂವೆನ್ ನಗರದ ವೈದ್ಯರು 98 ಮಂದಿಯನ್ನು ಗಮನಿಸಿ 2007ರಲ್ಲಿ ಬರೆದರು: ಅವರಲ್ಲಿ 95 ಮಂದಿಗೆ ಈ ಬಗೆಯ ಚಿಕಿತ್ಸೆಯ ಕಾಲದಲ್ಲಿ ಮೆಗ್ನೀಸಿಯಂ ಇಳಿಮುಖವಾಗಿತ್ತು. ಇಳಿತ ಎಲ್ಲರಲ್ಲಿಯೂ ಒಂದೇ ಸಮನಲ್ಲ. ಕೆಲವರಲ್ಲಿ ಅಲ್ಪ, ಕೆಲವರಲ್ಲಿ ಅಪಾಯಕ್ಕೆ ಬರುವಷ್ಟು. ಕಿವಿ ಮುಚ್ಚಿದ್ದು ಕ್ಯಾನ್ಸರಿಗೆ. ಮೂತ್ರದಲ್ಲಿ ಮೆಗ್ನೀಸಿಯಂ ಸೋರಿದ್ದೇಕೆ?

ಅದೇ ವರ್ಷ ಅದರ ಉತ್ತರ ನೆದರ್‌ಲ್ಯಾಂಡ್ಸ್ ದೇಶದ ನೈಮೇಗನ್ ಊರಿನಿಂದ ಬಂತು. ಅಲ್ಲಿಯ ಸಂಶೋಧಕರ ಬಳಿ ಮೆಗ್ನೀಸಿಯಂ ಕೊರತೆಯಿಂದ ನರಳುವ ಇಬ್ಬರು ಅಕ್ಕತಂಗಿಯರ ವಿಚಾರವಿತ್ತು. ಅವರ ಜೀನುಗಳನ್ನು ಶೋಧಿಸಿದಾಗ ದೋಷ ಸಿಕ್ಕಿದ್ದು, ಯಾರೂ ನಿರೀಕ್ಷಿಸದ ಜಾಗದಲ್ಲಿ, ಆ ಇ.ಜಿ.ಎಫ್. ಎಂಬ ಬೆಳವಣಿಗೆಯ ವಸ್ತುವಿನಲ್ಲಿಯೇ! ಮೂತ್ರಪಿಂಡದಲ್ಲಿ ಟಿ.ಆರ್.ಪಿ.ಎಂ. 6 ಬಾಗಿಲನ್ನು ತೆರೆದಿಡುವಂತೆ ಹೇಳುತ್ತಿದ್ದುದು ಇದೇ ಇ.ಜಿ.ಎಫ್. ಅಕ್ಕತಂಗಿಯರಲ್ಲಿ ಕೂಗುವ ಬಾಯಿ ಕೆಟ್ಟಿತ್ತು. ಸೆಟುಕ್ಸಿಮಾಬ್ ಪಡೆದ ರೋಗಿಗಳಲ್ಲಿ ಕೇಳುವ ಕಿವಿ ಮುಚ್ಚಿತ್ತು. ಎರಡರ ಫಲವೂ ಒಂದೇ. ಬಾಗಿಲು ತೆರೆಯದೆ, ಮರಳಿ ಬರಬೇಕಾದ ಮೆಗ್ನೀಸಿಯಂ ಮೂತ್ರದ ಪಾಲಾಗುತ್ತಿತ್ತು. ಇಲಿಮರಿಯ ಕಣ್ಣು, ಕರುಳಿನ ಗಂಟು, ಇಬ್ಬರು ಸೋದರಿಯರ ಬಳಲಿಕೆ, ಇವು ಮೂರೂ ಒಂದೇ ದಾರದಲ್ಲಿ ಪೋಣಿಸಿದಂತಾಯಿತು.

ಈ ಸಂಗತಿ ನನಗೆ ಬರಿಯ ಪುಸ್ತಕದ ಸಂಗತಿಯಾಗಿ ಉಳಿಯಲಿಲ್ಲ. ನನ್ನ ಹತ್ತಿರದ ಬಂಧುವೊಬ್ಬರು, ನಿವೃತ್ತ ಉಪಾಧ್ಯಾಯರು, ಕರುಳಿನ ಕ್ಯಾನ್ಸರಿಗಾಗಿ ಈ ಔಷಧವನ್ನು ಪಡೆಯುತ್ತಿದ್ದರು. ಎರಡು ತಿಂಗಳ ಮೇಲೆ ರಾತ್ರಿಹೊತ್ತು ಕಾಲಿನ ಮೀನಖಂಡ ಹಿಡಿದುಕೊಂಡು ನರಳತೊಡಗಿದರು. ಬೆರಳು ನಡುಗಿ, ನಲವತ್ತು ವರ್ಷ ಬೋರ್ಡಿನ ಮೇಲೆ ಮುತ್ತಿನಂತೆ ಬರೆದ ಕೈ ಚೆಕ್ಕಿನ ಮೇಲೆ ಸಹಿ ಹಾಕಲಾರದಾಯಿತು. ಎದ್ದು ಕೂಡುವುದಕ್ಕೂ ಬೇಸರ. ಮನೆಯವರೆಲ್ಲ, ನಾನೂ ಸೇರಿ, ರೋಗ ಮೇಲುಗೈಯಾಯಿತೆಂದೇ ತಿಳಿದೆವು. ರೋಗಿಯೂ ಹಾಗೆಯೇ ತಿಳಿದು, ಹೇಳುವುದನ್ನೇ ಬಿಟ್ಟಿದ್ದರು. ಒಂದು ಸಲ ಔಷಧಕ್ಕೆಂದು ಹೋದಾಗ, ತರುಣ ವೈದ್ಯೆಯೊಬ್ಬರು ಅವರ ಬೆರಳುಗಳನ್ನು ನೋಡಿ, ರಾತ್ರಿ ಕಾಲು ಹಿಡಿಯುತ್ತದೆಯೆ ಎಂದು ಕೇಳಿದರು. ರಕ್ತದಲ್ಲಿ ಮೆಗ್ನೀಸಿಯಂ ನೋಡಿಸಿದರು. ಅದು ಇರಬೇಕಾದದ್ದರಲ್ಲಿ ಅರ್ಧದಷ್ಟಿತ್ತು. ರಕ್ತನಾಳದ ಮೂಲಕ ಮೆಗ್ನೀಸಿಯಂ ಕೊಟ್ಟರು. ಭೇದಿ ಉಪ್ಪಿನಲ್ಲಿರುವುದೂ ಅದೇ ಲವಣ ತಾನೆ! ಒಂದು ವಾರದೊಳಗೆ ನಮ್ಮವರು ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದಿದರು.

ಕ್ಯಾನ್ಸರು ಅದರಿಂದ ಗುಣವಾಯಿತೆಂದು ನಾನು ಹೇಳುತ್ತಿಲ್ಲ. ಗುಣವಾಗಲಿಲ್ಲ, ಮುಂದಿನ ವರ್ಷ ಅವರು ತೀರಿಕೊಂಡರು. ಆದರೆ ನಡುವಣ ಆ ತಿಂಗಳುಗಳಲ್ಲಿ ಹಳೆಯ ಶಿಷ್ಯರಿಗೆಲ್ಲ ತಮ್ಮ ಕೈಯಿಂದಲೇ ಕಾಗದ ಬರೆದರು. ರೋಗದ ಬಳಲಿಕೆ ಬೇರೆ, ತುಂಬಿಕೊಡಬಹುದಾದ ಕೊರತೆಯ ಬಳಲಿಕೆ ಬೇರೆ. ಎರಡನೆಯದನ್ನು ಮೊದಲನೆಯದೆಂದು ತಿಳಿದು ಕೈಕಟ್ಟಿ ಕೂಡುವುದು ನಾವು ಮಾಡಬಾರದ ತಪ್ಪು. ಈ ಭಾಷಣಕ್ಕೆ ನಾನು ಒಪ್ಪಿದ್ದೇ ಆ ಮಾತನ್ನು ಹೇಳುವುದಕ್ಕಾಗಿ.

ಜಠರ ಮತ್ತು ಅನ್ನನಾಳದ ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಹಳೆಯ ಔಷಧವೂ ಮೂತ್ರಪಿಂಡಕ್ಕೆ ಪೆಟ್ಟುಕೊಟ್ಟು ಮೆಗ್ನೀಸಿಯಮನ್ನು ಸೋರಿಸುತ್ತದೆ. ಇಂಥ ಔಷಧಗಳನ್ನು ಕೊಡುವಾಗ ವೈದ್ಯರು ಆಗಾಗ್ಗೆ ರಕ್ತವನ್ನು ನೋಡಿಸುವುದು ಇದಕ್ಕಾಗಿಯೇ. ಮನೆಯವರು ಗಮನದಲ್ಲಿಡಬೇಕಾದ ಗುರುತುಗಳು ಇವು: ಕೈಕಾಲು ಹಿಡಿದುಕೊಳ್ಳುವುದು, ಬೆರಳು ಜುಮುಗುಟ್ಟುವುದು ಅಥವಾ ನಡುಗುವುದು, ಕಾರಣವಿಲ್ಲದ ಅತಿಯಾದ ಆಯಾಸ, ಎದೆಬಡಿತ ತಾಳ ತಪ್ಪುವುದು. ಇವಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಹೇಳದೆ ಇದ್ದರೆ ಯಾವ ಕಾರಣವೂ ತಿಳಿಯುವುದಿಲ್ಲ.

ಹಾಗಾದರೆ ಕ್ಯಾನ್ಸರು ಬಂದವರೆಲ್ಲರೂ ಮೆಗ್ನೀಸಿಯಂ ತೆಗೆದುಕೊಂಡರಾಯಿತು ಎಂದು ಯಾರಾದರೂ ಹೇಳಿಯಾರು. ಅವಸರಪಡಬಾರದು. ಅದಕ್ಕೂ ಒಂದು ಪಾಠದ ಕಥೆಯಿದೆ. ಕರುಳಿನ ಕ್ಯಾನ್ಸರಿಗೆ ಆಕ್ಸಾಲಿಪ್ಲಾಟಿನ್ ಎಂಬ ಔಷಧವನ್ನು ಕೊಡುತ್ತಾರೆ. ಅದು ನರಗಳನ್ನು ಕಾಡುತ್ತದೆ. ತಣ್ಣೀರು ಮುಟ್ಟಿದರೆ ಬೆರಳಿಗೆ ಮುಳ್ಳು ಚುಚ್ಚಿದಂತೆ. ಕಾಲಕ್ರಮದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲಾರದಂತೆ ಬೆರಳು ಮರಗಟ್ಟುತ್ತದೆ. ಇದನ್ನು ತಡೆಯಲು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಮನ್ನು ರಕ್ತನಾಳಕ್ಕೆ ಕೊಡುವ ಪದ್ಧತಿ ಹುಟ್ಟಿತು. ಮೊದಮೊದಲಿನ ವರದಿಗಳು ಆಸೆ ಹುಟ್ಟಿಸಿದುವು. ಅನೇಕ ಕಡೆ ಅದು ವಾಡಿಕೆಯೇ ಆಯಿತು. 2007ರಲ್ಲಿ ಒಂದು ಭಯ ತಲೆದೋರಿತು: ಈ ಲವಣಗಳು ಕ್ಯಾನ್ಸರಿನ ಔಷಧದ ಬಲವನ್ನೇ ಕುಗ್ಗಿಸುತ್ತಿವೆಯೋ ಏನೋ ಎಂದು. ನಡೆಯುತ್ತಿದ್ದ ಪರೀಕ್ಷೆಯನ್ನು ಅರ್ಧದಲ್ಲಿಯೇ ನಿಲ್ಲಿಸಿದರು. ಮತ್ತೆ ಲೆಕ್ಕ ನೋಡಿದಾಗ ಆ ಭಯಕ್ಕೆ ಆಧಾರವಿರಲಿಲ್ಲ. ಕಡೆಗೆ 353 ರೋಗಿಗಳನ್ನು ಸೇರಿಸಿಕೊಂಡು, ಯಾರಿಗೆ ಲವಣ, ಯಾರಿಗೆ ಬರಿಯ ಹುಸಿಮದ್ದು ಎಂದು ರೋಗಿಗೂ ವೈದ್ಯನಿಗೂ ತಿಳಿಯದ ಹಾಗೆ ಪರೀಕ್ಷೆ ಮಾಡಿದರು. 2014ರಲ್ಲಿ ಅಚ್ಚಾದ ಅದರ ಫಲ ಸ್ಪಷ್ಟವಾಗಿತ್ತು: ಲವಣ ಕೊಟ್ಟವರಿಗೂ ಕೊಡದವರಿಗೂ ನರಬಾಧೆಯಲ್ಲಿ ವ್ಯತ್ಯಾಸವಿಲ್ಲ. ಆಸೆಯೂ ನಿಜವಾಗಲಿಲ್ಲ, ಭಯವೂ ನಿಜವಾಗಲಿಲ್ಲ. ನಿಜ ತಿಳಿಯಲು ಮಾತ್ರ ವರ್ಷಗಳು ಹಿಡಿದುವು. ವಿಜ್ಞಾನದ ನಡೆ ಹಾಗೆಯೇ. ಅದು ತನ್ನ ಆಸೆಯನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತದೆ.

ಆಹಾರದ ವಿಚಾರದಲ್ಲಿಯೂ ಇದೇ ಎಚ್ಚರ ಬೇಕು. ಸ್ವೀಡನ್ ದೇಶದಲ್ಲಿ 61,000ಕ್ಕೂ ಮೇಲ್ಪಟ್ಟ ಹೆಂಗಸರ ಊಟದ ವಿವರವನ್ನು ಬರೆದಿಟ್ಟು, ವರ್ಷಗಳ ಕಾಲ ಅವರ ಆರೋಗ್ಯವನ್ನು ಗಮನಿಸಿದರು. ಊಟದಲ್ಲಿ ಹೆಚ್ಚು ಮೆಗ್ನೀಸಿಯಂ ಇದ್ದವರಿಗೆ ದೊಡ್ಡ ಕರುಳಿನ ಕ್ಯಾನ್ಸರು ಕಡಮೆ ಬಂದಿತ್ತೆಂದು 2005ರಲ್ಲಿ ಪ್ರಕಟವಾಯಿತು. ಸಂತೋಷದ ಸುದ್ದಿಯೇ. ಆದರೆ ಹೆಚ್ಚು ಮೆಗ್ನೀಸಿಯಂ ಉಣ್ಣುವವರೆಂದರೆ ಸೊಪ್ಪು, ಕಾಳು, ತೌಡು ಕಳೆಯದ ಧಾನ್ಯವನ್ನು ಹೆಚ್ಚು ಉಣ್ಣುವವರು. ಪುಣ್ಯ ನಾರಿನದೋ, ಸೊಪ್ಪಿನದೋ, ಮೆಗ್ನೀಸಿಯಮಿನದೋ ಎಂದು ಇಂಥ ಲೆಕ್ಕದಿಂದ ಬಿಡಿಸಿ ಹೇಳಲಾಗುವುದಿಲ್ಲ. ಮಾತ್ರೆ ನುಂಗಿದರೆ ಕ್ಯಾನ್ಸರು ಬಾರದು ಎಂಬುದಕ್ಕೆ ಅದು ಆಧಾರವಲ್ಲ.

ನಮ್ಮ ಮಟ್ಟಿಗೆ ಇದು ಕಷ್ಟದ ಮಾತೇನಲ್ಲ. ರಾಗಿ, ಹುರುಳಿ, ಎಳ್ಳು, ಕಡಲೆಕಾಯಿ, ದಂಟಿನ ಸೊಪ್ಪು, ಇವೆಲ್ಲದರಲ್ಲಿಯೂ ಮೆಗ್ನೀಸಿಯಂ ಧಾರಾಳವಾಗಿದೆ. 100 ಗ್ರಾಂ ರಾಗಿಯಲ್ಲಿ 100 ಮಿಲಿಗ್ರಾಮಿಗೂ ಹೆಚ್ಚು ಇದೆ. ಚೆನ್ನಾಗಿ ಪಾಲಿಷ್ ಮಾಡಿದ ಬಿಳಿಯ ಅಕ್ಕಿಯಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ತೌಡಿನೊಡನೆ ಅದೂ ಹೊರಟುಹೋಗುತ್ತದೆ. ಮುದ್ದೆ ಮತ್ತು ಹುರುಳಿ ಸಾರಿನ ಊಟಕ್ಕೆ ಯಾವ ಜಾಹೀರಾತೂ ಬೇಕಾಗಿಲ್ಲ.

ಮಾತ್ರೆಗಳ ವಿಚಾರದಲ್ಲಿ ಎರಡು ಮಾತು. ಮೊದಲನೆಯದು, ಮೂತ್ರಪಿಂಡ ಕೆಟ್ಟವರಿಗೆ ಮೆಗ್ನೀಸಿಯಂ ಹೊರಹಾಕುವ ಶಕ್ತಿ ಕುಂದಿರುತ್ತದೆ. ಅವರು ವೈದ್ಯರನ್ನು ಕೇಳದೆ ಮೆಗ್ನೀಸಿಯಂ ಮಾತ್ರೆಯನ್ನಾಗಲಿ, ಭೇದಿ ಉಪ್ಪನ್ನಾಗಲಿ, ಮೆಗ್ನೀಸಿಯ ಹಾಲನ್ನಾಗಲಿ ತೆಗೆದುಕೊಳ್ಳುವುದು ಅಪಾಯ. ಎರಡನೆಯದು, ಎದೆಯುರಿಗೆಂದು ಓಮೆಪ್ರಜೋಲ್, ಪಾಂಟೊಪ್ರಜೋಲ್ ಮುಂತಾದ ಮಾತ್ರೆಗಳನ್ನು ಎಷ್ಟೋ ಮನೆಗಳಲ್ಲಿ ಬೆಳಗಿನ ಕಾಫಿಗೂ ಮುಂಚೆ ನುಂಗುವ ರೂಢಿಯಾಗಿಬಿಟ್ಟಿದೆ. ಅವು ಒಳ್ಳೆಯ ಔಷಧಗಳೇ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಮೆಗ್ನೀಸಿಯಂ ಇಳಿಯುವುದುಂಟೆಂದು 2011ರಲ್ಲಿ ಅಮೆರಿಕದ ಔಷಧ ಆಡಳಿತ ಎಚ್ಚರಿಕೆ ಕೊಟ್ಟಿತು. ಯಾರೂ ಇದನ್ನು ಕೇಳಿ ನಾಳೆಯೇ ಮಾತ್ರೆ ನಿಲ್ಲಿಸಬೇಕಾಗಿಲ್ಲ. ಇನ್ನೂ ಬೇಕೆ, ಬೇಡವೆ ಎಂದು ವೈದ್ಯರನ್ನು ಒಮ್ಮೆ ಕೇಳಿದರೆ ಸಾಕು.

ಇನ್ನೊಂದು ಮಾತು ಹೇಳದೆ ಮುಗಿಸುವಂತಿಲ್ಲ. ಕರುಳಿನ ಗಂಟು ಗಂಟಾಗಿರುವಾಗಲೇ ಸಿಕ್ಕಿದರೆ, ದುರ್ಬೀನಿನಂಥ ನಳಿಗೆಯ ಮೂಲಕ ನೋಡಿ ಅಲ್ಲಿಯೇ ಕಿತ್ತುಹಾಕಬಹುದು. ಹಾಗೆ ಕಿತ್ತ ಗಂಟು ಕ್ಯಾನ್ಸರಾಗಲಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಬದಲಾದ ಮಲವಿಸರ್ಜನೆಯ ರೂಢಿ, ಕಾರಣ ತಿಳಿಯದ ರಕ್ತಹೀನತೆ, ಇವನ್ನು ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಸಂಕೋಚದಿಂದ ಮುಚ್ಚಿಡಬೇಡಿ. ಯಾವ ಲವಣವೂ, ಯಾವ ಮಾತ್ರೆಯೂ ಈ ಪರೀಕ್ಷೆಯ ಸ್ಥಾನದಲ್ಲಿ ನಿಲ್ಲಲಾರದು.

ಎಪ್ಸಂ ಊರಿನ ಹೊಂಡದ ಬಳಿ ದನಗಳು ಮೂತಿ ತಿರುಗಿಸಿಕೊಂಡ ನೀರಿನಿಂದ ಹೊರಟು ನಾವು ಜೀವಕೋಶದ ಹಿಂಬಾಗಿಲಿನವರೆಗೆ ಬಂದೆವು. ಅಲ್ಲಿ ಕಂಡದ್ದೇನು? ಒಂದೇ ಧಾತು, ರಕ್ತದಲ್ಲಿ ಕಡಮೆಯಾದರೆ ಸಂಕಟ, ಕೆಟ್ಟ ಜೀವಕೋಶದಲ್ಲಿ ತುಂಬಿಕೊಂಡರೆ ಸಂಕಟ. ಎಷ್ಟಿದೆ ಎಂದು ಕೇಳಿದರೆ ಸಾಲದು, ಎಲ್ಲಿದೆ ಎಂದೂ ಕೇಳಬೇಕು. ಒಸಾಕದವರು ಇಲಿಯ ಕರುಳಿನಲ್ಲಿ ಕೇಳಿದ ಪ್ರಶ್ನೆಯೂ ಅದೇ. ನಮ್ಮವರ ನಡುಗುವ ಬೆರಳನ್ನು ನೋಡಿ ಆ ವೈದ್ಯೆ ಕೇಳಿದ ಪ್ರಶ್ನೆಯ ಹಿಂದಿದ್ದದ್ದೂ ಅದೇ. ತಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂಥ ಚಿಕಿತ್ಸೆ ಪಡೆಯುತ್ತಿರುವವರಿದ್ದರೆ, ರಾತ್ರಿ ಕಾಲು ಹಿಡಿಯುತ್ತದೆಯೆ ಎಂದು ಒಂದು ಮಾತು ಕೇಳಿ. ಹೌದೆಂದರೆ, ಮುಂದಿನ ಸಲ ಅದನ್ನು ವೈದ್ಯರಿಗೆ ಹೇಳಲು ನೆನಪುಮಾಡಿಕೊಡಿ.